ಸ್ಪೇನಿನ ಸ್ವಾಯತ್ತ ಪ್ರಾಂತ್ಯ ಕ್ಯಾಟಲೋನಿಯಾದ ಸಂಸತ್ತಿನ ಪಕ್ಷಗಳನ್ನು ಎಡ-ಬಲ ಅಂತ ವಿಂಗಡಿಸಿದರೆ ಸಾಕಾ?

ಸಾಕಾಗಲ್ಲ, ಅರ್ಧ ಕಥೆ ಮಾತ್ರ ಸಿಗುತ್ತದೆ. ಬಾರ್ಸಿಲೋನಾದ ಈ 135 ಸೀಟಿನ ಸಂಸತ್ತಿನಲ್ಲಿ ಇನ್ನೊಂದು ಗೆರೆಯೂ ಇದೆ: ಸ್ಪೇನ್ ಜೊತೆ ಇರಬೇಕೋ, ಬೇರೆಯಾಗಬೇಕೋ.

ಜುಂಟ್ಸ್, ಇಆರ್‌ಸಿ ಎಂಬ ಎರಡು ಪಕ್ಷಗಳಿಗೂ ಸ್ಪೇನಿನಿಂದ ಸ್ವಾತಂತ್ರ್ಯ ಬೇಕು. ಆದರೆ ಜುಂಟ್ಸ್ ಬಲಕ್ಕೆ ವಾಲುತ್ತದೆ, ಇಆರ್‌ಸಿ ಎಡಪಂಥದ್ದು. ಸಿಯುಪಿಯೂ ಸ್ವಾತಂತ್ರ್ಯದ ಪರವೇ, ಆದರೆ ಅದಕ್ಕೆ ಬಂಡವಾಳಶಾಹಿಯೇ ಬೇಡ! ಸಮಾಜವಾದಿಗಳ ಪಿಎಸ್‌ಸಿ ಎಡಕ್ಕಿದ್ದರೂ ಸ್ಪೇನ್ ಬಿಡಲು ಒಪ್ಪುವುದಿಲ್ಲ. ಪಿಪಿ, ವಾಕ್ಸ್ ಎರಡೂ ಬಲಪಂಥ, ಸ್ಪೇನ್ ಪರ. ವಾಕ್ಸ್‌ಗಂತೂ ಪ್ರಾಂತೀಯ ಸ್ವಾಯತ್ತತೆಯೇ ಬೇಡ. ಅಂಥ ಪಕ್ಷ ಪ್ರಾಂತೀಯ ಸಂಸತ್ತಿನಲ್ಲೇ ಕೂತಿರುವುದು ತಮಾಷೆ ಅಲ್ವಾ?

2024ರಲ್ಲಿ ಪಿಎಸ್‌ಸಿಯ ಸಾಲ್ವಡೋರ್ ಇಯ್ಯಾ ಕ್ಯಾಟಲೋನಿಯಾ ಸರ್ಕಾರದ ಅಧ್ಯಕ್ಷರಾದದ್ದು ಇಆರ್‌ಸಿ ಮತ್ತು ಎಡಪಂಥದ ಕೊಮುನ್ಸ್ ಬೆಂಬಲದಿಂದ. ಅವತ್ತು ಸ್ವಾತಂತ್ರ್ಯದ ಜಗಳಕ್ಕಿಂತ ಎಡಪಂಥದ ನಂಟೇ ಜಾಸ್ತಿ ಕೆಲಸ ಮಾಡಿತು.