ದುಬೈಗೆ ಹೊರಟ ತಮ್ಮನಿಗೆ

ತಮ್ಮಾ, ಪ್ರಭುವಿನ ಹೆಸರಿನಲ್ಲಿ ವಂದನೆ. ಮುಂದಿನ ತಿಂಗಳು ವಿಜಯಪುರ ಬಿಟ್ಟು ದುಬೈಗೆ ಬರ್ತಿದ್ದೀಯ. "ಅಲ್ಲಿ ಹೋದ ಹುಡುಗರು ಕೆಡ್ತಾರೆ" ಅಂತ ಅವ್ವ ಹೆದರಿದ್ದಾಳೆ, ವಿಶ್ವಾಸ ಉಳಿಸಿಕೊಳ್ಳೋದು ಹೇಗೆ ಅಂತ ಕೇಳಿದ್ದೀಯ. ನಾನು ಗುಳೇದಗುಡ್ಡದವನು. ಇಲ್ಲೇ ತಲೆ ನರೆತಿದೆ. ಕಂಡದ್ದನ್ನು ಹೇಳುತ್ತೇನೆ.

ಅವ್ವನಿಗೆ ಕುಡಿತದ ಭಯ. ಅದು ಇಲ್ಲಿ ಇಲ್ಲ ಅಂತಲ್ಲ. ಆದರೆ ಬಾಟಲಿ ಕಣ್ಣಿಗೆ ಕಾಣುತ್ತದೆ, ಚರ್ಚಿನ ಸಭೆಯಲ್ಲಿ ಬೆಳೆದ ಹುಡುಗ ಹುಷಾರಾಗುತ್ತಾನೆ. ಗೊತ್ತಾಗದ ಹಾಗೆ ಹಿಡಿಯೋದು ಸಾಲ. ಸಂಬಳ ಅಕೌಂಟಿಗೆ ಬೀಳೋದೇ ತಡ, ಫೋನ್ ಶುರುವಾಗುತ್ತದೆ: "ಸರ್, ನಿಮಗೆ ಲೋನ್ ರೆಡಿ ಇದೆ." ಇಲ್ಲಿನ ಸೆಂಟ್ರಲ್ ಬ್ಯಾಂಕ್ ನಿಯಮದಲ್ಲಿ ಸಂಬಳದ 20 ಪಟ್ಟಿನವರೆಗೆ ಪರ್ಸನಲ್ ಲೋನ್ ಕೊಡಬಹುದು, 48 ತಿಂಗಳೊಳಗೆ ತೀರಿಸಬೇಕು. ಕಂತು ಸಂಬಳದ ಅರ್ಧದವರೆಗೂ ಹೋಗಬಹುದು. ನಡುವೆ ಕೆಲಸ ಹೋದರೆ? ಬ್ಯಾಂಕ್ ಕೋರ್ಟಿಗೆ ಹೋದರೆ ದೇಶ ಬಿಡೋಕೂ ಆಗದ ಹಾಗೆ ತಡೆ ಬೀಳಬಹುದು.

ಆ ಸಾಲ ಯಾಕೆ ಮಾಡುತ್ತಾರೆ ಅಂದುಕೊಂಡೆ? ಊರಿಗಾಗಿ. ಕ್ರಿಸ್ಮಸ್‌ಗೆ ಹೋದಾಗ ಆರಾಧನೆ ಮುಗಿಸಿ ಹೊರಗೆ ಬಂದರೆ ಎಲ್ಲರ ಕಣ್ಣು ನಿನ್ನ ವಾಚು, ಫೋನಿನ ಮೇಲೇ ಇರುತ್ತದೆ. "ಮನೆ ಯಾವಾಗ ಕಟ್ಟಿಸ್ತೀಯಪ್ಪ?" ಅಂತ ಹಿರಿಯರೂ ಕೇಳುತ್ತಾರೆ. ಪಾಪ, ಕೆಟ್ಟ ಮನಸ್ಸಿನಿಂದಲ್ಲ. ಯೋಹಾನನ ಮೊದಲ ಪತ್ರದ 2ನೇ ಅಧ್ಯಾಯದಲ್ಲಿ ಶರೀರದಾಶೆ, ಕಣ್ಣಿನಾಶೆ ಆದಮೇಲೆ ಬದುಕುಬಾಳಿನ ಡಂಬ ಅಂತ ಬರುತ್ತದಲ್ಲ, ದುಬೈ ಹುಡುಗರನ್ನು ಜಾಸ್ತಿ ಕೆಡವಿರೋದು ಆ ಮೂರನೆಯದೇ. ಅದನ್ನು ನಾವು ಬಾಗಲಕೋಟೆ, ವಿಜಯಪುರದಿಂದಲೇ ಪೆಟ್ಟಿಗೆಯಲ್ಲಿ ತುಂಬಿಕೊಂಡು ಬಂದಿರುತ್ತೇವೆ.

ಅಡವಿಯಲ್ಲಿ ಯೇಸುವಿಗೆ ಸೈತಾನ ಮೊದಲು ತೋರಿಸಿದ್ದು ರೊಟ್ಟಿ. 40 ದಿನ ಉಪವಾಸ ಇದ್ದವನಿಗೆ ರೊಟ್ಟಿ ತಿನ್ನು ಅಂದರೆ ತಪ್ಪೇನು ಅನಿಸುತ್ತದೆ, ಅಲ್ವಾ? ನಿನಗೂ ಶೋಧನೆ ಹಾಗೇ ಬರುತ್ತದೆ. ತಂಗಿ ಮದುವೆ, ಅವ್ವನ ಮನೆ, ಎಲ್ಲ ಒಳ್ಳೆಯ ಮಾತೇ.

ಇನ್ನು, ಹಲ್ಲು ಕಚ್ಚಿ ಬೇಡ ಬೇಡ ಅಂದುಕೊಂಡು ಎಷ್ಟು ದಿನ ತಡೆಯುತ್ತೀಯ? ರಜೆಯ ಸಂಜೆ ಬಂಕ್ ಬೆಡ್ ಮೇಲೆ ಒಬ್ಬನೇ ಬಿದ್ದಿರುವಾಗ ಆ ಹಟ ಕರಗುತ್ತದೆ. ಮನಸ್ಸು ಖಾಲಿ ಇದ್ದಲ್ಲಿ ಏನಾದರೂ ಬಂದು ಕೂರುತ್ತದೆ. ಅಲ್ಲಿ ಮನುಷ್ಯರನ್ನು ಕೂರಿಸು. ನನ್ನ ಹಳೇ ರೂಮಿನಲ್ಲಿ ಆಂಧ್ರದ ಒಬ್ಬ ದಿನಾ ಕುಡಿಯುತ್ತಿದ್ದ. ಉಳಿದವರು ಅವನ ತಟ್ಟೆ ಮುಟ್ಟುತ್ತಿರಲಿಲ್ಲ. ಒಂದು ಸಲ ಅವನಿಗೆ ಜ್ವರ ಬಂತು. ನಾನು ಗಂಜಿ ಕಾಸಿ, ಉಪ್ಪಿನಕಾಯಿ ಹಾಕಿ ಕೊಟ್ಟೆ. ಗಂಜಿ ಕುಡಿಯುತ್ತಾ ಮಗಳ ಫೋಟೋ ತೋರಿಸಿದ. ಅವಳು ಹುಟ್ಟಿದ ಮೇಲೆ ಅವನು ಊರಿಗೇ ಹೋಗಿರಲಿಲ್ಲ. ಆಮೇಲೆ ಸಂಜೆ ಇಬ್ಬರೂ ಕೂಡಿ ಅಡುಗೆ ಮಾಡುತ್ತಿದ್ದೆವು. ಅವನು ಕುಡಿತ ಪೂರ್ತಿ ಬಿಟ್ಟ ಅಂತ ಸಾಕ್ಷಿ ಹೇಳಲಾರೆ. ನನಗಂತೂ ಮಾಲ್ ಸುತ್ತುವ ಹುಚ್ಚು ತಾನಾಗೇ ಕಡಿಮೆಯಾಯಿತು. ಪ್ರೀತಿ ಇಲ್ಲದೆ ಬರೀ ಶುದ್ಧವಾಗಿರೋಕೆ ಹೊರಟವರು ಇಲ್ಲಿ ಬೇಗ ಗರ್ವಿಷ್ಠರಾಗುತ್ತಾರೆ, ಅದನ್ನೂ ನೋಡಿದ್ದೇನೆ.

ಸಭೆ ತಪ್ಪಿಸಬೇಡ. ದುಬೈನ ಊದ್ ಮೇಥಾದಲ್ಲಿ ಸೇಂಟ್ ಮೇರೀಸ್ ಮತ್ತು ಹೋಲಿ ಟ್ರಿನಿಟಿ ಚರ್ಚುಗಳು ಅಕ್ಕಪಕ್ಕದಲ್ಲೇ ಇವೆ. 2022ರಿಂದ ವಾರದ ರಜೆ ಶನಿವಾರ, ಭಾನುವಾರ ಆದರೂ ಶುಕ್ರವಾರದ ಆರಾಧನೆಗೆ ಈಗಲೂ ಜನ ತುಂಬುತ್ತಾರೆ. ನಿನ್ನ ಕನ್ನಡ ಸತ್ಯವೇದ ತಾ, ಏನೂ ತೊಂದರೆ ಇಲ್ಲ. ಮುಸಲ್ಮಾನರಿಗೆ ಸುವಾರ್ತೆ ಸಾರೋದು ಮಾತ್ರ ಇಲ್ಲಿ ಕಾನೂನಿಗೆ ವಿರುದ್ಧ, ಆ ಉತ್ಸಾಹ ಬೇಡ.

ಬಂದ ಮೊದಲ ಶುಕ್ರವಾರ ಮೆಟ್ರೋದ ಗ್ರೀನ್ ಲೈನ್ ಹತ್ತಿ ಊದ್ ಮೇಥಾ ಸ್ಟೇಷನ್ನಿನಲ್ಲಿ ಇಳಿದು ಫೋನ್ ಮಾಡು, ಕರೆದುಕೊಂಡು ಹೋಗುತ್ತೇನೆ. ಲೋನಿನವರು ಅಷ್ಟರೊಳಗೆ ಫೋನ್ ಮಾಡಿದರೆ ಯಾವುದಕ್ಕೂ ಸಹಿ ಹಾಕಬೇಡ. ಅವ್ವನಿಗೆ ಶೇಂಗಾ ಹಿಂಡಿ ಜಾಸ್ತಿ ಕಟ್ಟಿಕೊಡು ಅಂತ ಹೇಳು, ರೂಮಿನಲ್ಲಿ ಎಷ್ಟು ಜನ ಇರುತ್ತಾರೋ ಏನೋ.