ಮೇಲಿನ ಕೋಣೆ ನಡುಗುತ್ತಿದ್ದರೂ ಅಪ್ಪ ಓಡಾಡುತ್ತಿರುವುದು ಹೇಗೆ?

ಹೃದಯದ ಮೇಲಿನ ಕೋಣೆಗಳು ಬರೀ ನಡುಗುತ್ತಿವೆ ಅಂತ ಡಾಕ್ಟರ್ ಹೇಳಿದ್ದಾರೆ, ಆದರೂ ಅಪ್ಪ ಆರಾಮಾಗಿ ಓಡಾಡುತ್ತಿದ್ದಾರೆ, ರಕ್ತ ತೆಳುವಾಗುವ ಮಾತ್ರೆ ಬೇಕಾ ಅಂತ ಕೇಳಿದ್ದೀರಿ, ಅಲ್ವಾ? ಬೇಕು.

ಮೈಗೆಲ್ಲ ರಕ್ತ ತಳ್ಳುವ ಭಾರಿ ಕೆಲಸ ಕೆಳಗಿನ ಕೋಣೆಗಳದ್ದು. ಮೇಲಿನ ಎರಡು ಕೋಣೆಗಳ, ಅಂದರೆ ಹೃತ್ಕರ್ಣಗಳ, ಗೋಡೆ ತೆಳ್ಳಗಿರುತ್ತದೆ. ಬಲಗಡೆಯದಕ್ಕೆ ಮೈಯಿಂದ ರಕ್ತ ಬರುತ್ತದೆ, ಎಡಗಡೆಯದಕ್ಕೆ ಶ್ವಾಸಕೋಶದಿಂದ. ಕವಾಟ ತೆರೆದ ಕೂಡಲೇ ಅದರಲ್ಲಿ ಹೆಚ್ಚಿನ ಪಾಲು ತಾನಾಗಿಯೇ ಕೆಳಗಿಳಿಯುತ್ತದೆ, ಕೊನೆಗೆ ಹೃತ್ಕರ್ಣ ಹಿಂಡಿ ಕಳಿಸುವುದು ಸುಮಾರು 20-30% ಅಷ್ಟೇ. ಅದು ತಪ್ಪಿದರೆ ಕೂತಾಗ ಗೊತ್ತೇ ಆಗದಿರಬಹುದು. ಮೆಟ್ಟಿಲು ಹತ್ತುವಾಗ ಕೆಲವರಿಗೆ ಏದುಸಿರು ಬರುತ್ತದೆ.

ಜಾಸ್ತಿ ಹೆದರಬೇಕಾದ್ದು ಬೇರೆಯದಕ್ಕೆ. ಎಡ ಹೃತ್ಕರ್ಣದ ಪಕ್ಕಕ್ಕೆ ಬೆರಳಿನಂಥ ಒಂದು ಪುಟ್ಟ ಚೀಲ ಅಂಟಿಕೊಂಡಿರುತ್ತದೆ. ಕೋಣೆ ಸರಿಯಾಗಿ ಹಿಂಡದಿದ್ದರೆ ಅದರೊಳಗೆ ರಕ್ತ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪು ಕಿತ್ತುಕೊಂಡು ಮಿದುಳಿಗೆ ಹೋದರೆ ಸ್ಟ್ರೋಕ್. ಮಾತ್ರೆ ಕೊಟ್ಟಿರುವುದು ಅದಕ್ಕೇ. ಚೆನ್ನಾಗಿದ್ದಾರಲ್ಲ ಅಂತ ನೀವೇ ಸುಮ್ನೆ ನಿಲ್ಲಿಸಬೇಡಿ. ಒಸಡಿನಲ್ಲಿ ಪದೇ ಪದೇ ರಕ್ತ ಬಂದರೆ ಡಾಕ್ಟರಿಗೆ ಹೇಳಿ. ಮಲ ಟಾರಿನ ಹಾಗೆ ಕಪ್ಪಗಾದರೆ, ಅಥವಾ ಬಿದ್ದು ತಲೆಗೆ ಪೆಟ್ಟಾದರೆ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.