ಈಜಿಪ್ಟ್ ಮಾದರಿಯ ಅಗಲ ಕೊರಳಪಟ್ಟಿ ಹೆಗಲ ಮೇಲೆ ಚಪ್ಪಟೆಯಾಗಿ ಕೂರಲು ಏನು ಮಾಡಬೇಕು?

ನಿಮ್ಮ ಪ್ರಶ್ನೆಯಲ್ಲಿ ಮೂರು ತೊಂದರೆಗಳಿವೆ. ಮನೆಯಲ್ಲೇ ಪೋಣಿಸಿದ ಕೊರಳಪಟ್ಟಿಯ ಹೊರ ಅಂಚು ಬಟ್ಟಲಿನ ಹಾಗೆ ಮೇಲೇಳುತ್ತದೆ. ಹಾಕಿಕೊಂಡು ಸ್ವಲ್ಪ ಹೊತ್ತಿಗೆಲ್ಲ ಅದು ಎದೆಯ ಕಡೆಗೆ ಜಾರುತ್ತದೆ. ಕಾಸರಗೋಡಿನ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹತ್ತಿ ನೂಲು ಕಪ್ಪಾಗಿ ಎರಡು ಕಡೆ ಹರಿದಿದೆ. 2 ಮಿ.ಮೀ. ದಪ್ಪದ ಮಣಿ ಬಳಸಿದ್ದೀರಿ, ಪ್ರತಿ ಸಾಲಿಗೆ 10 ಮಣಿಯಂತೆ ಹೆಚ್ಚಿಸುತ್ತ ಹೋಗಿದ್ದೀರಿ. ಅಂಚು ಮೇಲೇಳುವುದಕ್ಕೆ ಆ 10 ಅನ್ನುವ ಲೆಕ್ಕವೇ ಕಾರಣ; ಬೇಕಾದ್ದರ ಅರ್ಧವೂ ಅದಿಲ್ಲ. ಈ ಒಡವೆಯಲ್ಲಿ ಕೈಚಳಕಕ್ಕಿಂತ ಲೆಕ್ಕ ದೊಡ್ಡದು. ಮಣಿ ಮುಟ್ಟುವ ಮೊದಲೇ ಕಾಗದದ ಮೇಲೆ ಪಟ್ಟಿ ಸರಿಯಾಗಿ ಕೂರಬೇಕು.

ಮೂಲ ಒಡವೆಯ ರಚನೆ ಗೊತ್ತಿದ್ದರೆ ಉಳಿದದ್ದು ಸುಲಭ. ಈಜಿಪ್ಟಿನಲ್ಲಿ ವೆಸೆಖ್ ಎನ್ನುವ ಈ ಪಟ್ಟಿಯನ್ನು ಗಂಡಸರೂ ಹೆಂಗಸರೂ ತೊಡುತ್ತಿದ್ದರು. ಸಣ್ಣ ಕೊಳವೆಯಂಥ ಮಣಿಗಳನ್ನು ನೆಟ್ಟಗೆ ನಿಲ್ಲಿಸಿ ಸಾಲು ಸಾಲಾಗಿ ಹೆಣೆಯುವುದು, ಕೊನೆಯ ಸಾಲಿಗೆ ಹನಿಯಾಕಾರದ ಮಣಿ ತೂಗಿಸುವುದು, ಎಲ್ಲ ಸಾಲುಗಳನ್ನೂ ಎರಡೂ ತುದಿಯಲ್ಲಿ ಅರ್ಧಚಂದ್ರದ ಬಿಲ್ಲೆಗೆ ಕಟ್ಟುವುದು, ಭಾರದ ಪಟ್ಟಿಯಾದರೆ ಬೆನ್ನ ಮೇಲೆ ಒಂದು ಎದುರು ತೂಕ ಇಳಿಬಿಡುವುದು. ನೋಡಿ ಕಲಿಯಲು ನಾನು ಸೂಚಿಸುವುದು ವಾಹ್ ಎಂಬವನ ಪಟ್ಟಿಯನ್ನು. ಅವನು ಥೀಬ್ಸ್‌ನಲ್ಲಿ ಮೆಕೆತ್ರೆ ಎಂಬ ಅಧಿಕಾರಿಯ ಆಸ್ತಿ ನೋಡಿಕೊಳ್ಳುತ್ತಿದ್ದವನು, ಕಾಲ ಕ್ರಿ.ಪೂ. 1975ರ ಆಸುಪಾಸು. ಗೋರಿ ಸಿಕ್ಕಿದ್ದು 1920ರಲ್ಲಿ, ಪಟ್ಟಿ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್‌ನಲ್ಲಿದೆ. ಇಡೀ ಪಟ್ಟಿ ಒಂದೇ ಹಸಿರು ಬೆರೆತ ನೀಲಿ. ಬಣ್ಣದ ಆಟವಿಲ್ಲದ ಕಾರಣ ಸಾಲುಗಳು ಹೇಗೆ ಬಾಗುತ್ತವೆ, ತುದಿಯಲ್ಲಿ ಹೇಗೆ ಮುಗಿಯುತ್ತವೆ ಎನ್ನುವುದು ಚಿತ್ರದಲ್ಲೇ ಸ್ಪಷ್ಟವಾಗಿ ಕಾಣುತ್ತದೆ.

ಸಾಮಾನು ನಮ್ಮಲ್ಲೇ ಸಿಗುತ್ತದೆ. ಆರಿ ಕೆಲಸದ ಸಾಮಾನು ಮಾರುವ ಅಂಗಡಿಯಲ್ಲಿ 6 ಮಿ.ಮೀ. ಉದ್ದದ ಟ್ಯೂಬ್ ಬೀಡ್ಸ್ (ಕೊಳವೆ ಮಣಿ) ಮತ್ತು 2 ಮಿ.ಮೀ. ಶುಗರ್ ಬೀಡ್ಸ್ (ಸಣ್ಣ ದುಂಡು ಮಣಿ) ಕೇಳಿ. ಕಾಸರಗೋಡಿನಲ್ಲಿ ಬೇಕಾದ ಬಣ್ಣ ಇಲ್ಲದಿದ್ದರೆ ಮಂಗಳೂರಿನ ಹಂಪನಕಟ್ಟೆ ಕಡೆ ಹುಡುಕಿ. ಗಾಜಿನದ್ದೇ ಆಗಬೇಕು. ಗಾಜು ಕೆನ್ನೆಗೆ ಒತ್ತಿದರೆ ತಣ್ಣಗಿರುತ್ತದೆ, ಪ್ಲಾಸ್ಟಿಕ್ ಹಾಗಿರುವುದಿಲ್ಲ. ತೂಕವೂ ಇಲ್ಲದ್ದರಿಂದ ಪಟ್ಟಿ ಮೈಗೆ ಅಂಟಿ ಕೂರುವುದೇ ಇಲ್ಲ. ಹೆಚ್ಚು ಕೊಳ್ಳುವ ಮೊದಲು ಒಂದು ಸಣ್ಣ ಪೊಟ್ಟಣ ತಂದು, ಹತ್ತು ಮಣಿಯನ್ನು ನೈಲ್ ಪಾಲಿಶ್ ರಿಮೂವರ್‌ನಲ್ಲಿ ಅದ್ದಿದ ಹತ್ತಿಯಲ್ಲಿ ಸುತ್ತಿ ಅರ್ಧ ಗಂಟೆ ಇಡಿ. ಹತ್ತಿಗೆ ಬಣ್ಣ ಹತ್ತಿದರೆ ಆ ಮಣಿ ಬೇಡ, ಬೆವರಿಗೆ ಬ್ಲೌಸಿಗೂ ಹತ್ತುತ್ತದೆ. ಟ್ಯೂಬ್ ಬೀಡ್ಸ್‌ನ ತುದಿ ಕತ್ತರಿಸಿದ ಗಾಜು, ಬ್ಲೇಡಿನಷ್ಟು ಹರಿತ. ಅದಕ್ಕೇ ಪ್ರತಿ ಕೊಳವೆಯ ಮೇಲೊಂದು ಕೆಳಗೊಂದು ಶುಗರ್ ಬೀಡ್ ಬೇಕು. ನೂಲು ತಿರುಗುವ ಜಾಗದಲ್ಲಿ ಕೊಳವೆಯ ಅಂಚು ಅದಕ್ಕೆ ತಾಗಲೇಬಾರದು. ನಿಮ್ಮ ನೂಲು ಹರಿದದ್ದು ಬೂಷ್ಟಿನಿಂದ ಮಾತ್ರ ಅಲ್ಲ, ಈ ಅಂಚಿನಿಂದಲೂ ಇರಬಹುದು. ಮಣಿ, ಕೊಳವೆ, ಮಣಿ ಮೂರೂ ಸೇರಿ 1 ಸೆಂ.ಮೀ. ಎತ್ತರದ ಒಂದು ಕಂಬ. ಆರು ಸಾಲು ಎಂದರೆ 6 ಸೆಂ.ಮೀ., ಅದರ ಕೆಳಗೆ 1 ಸೆಂ.ಮೀ. ಹನಿಮಣಿ. ನಮ್ಮ ಮೈಕಟ್ಟಿಗೆ ಇದಕ್ಕಿಂತ ಅಗಲ ಬೇಡ ಅನ್ನುವುದು ನನ್ನ ಅಭಿಪ್ರಾಯ, 10 ಸೆಂ.ಮೀ. ಪಟ್ಟಿ ತೋಳಿನ ಮೇಲೆ ಇಳಿದು ಕೈ ಎತ್ತಿದಾಗಲೆಲ್ಲ ಎದ್ದು ನಿಲ್ಲುತ್ತದೆ.

ಈಗ ಕಾಗದ. ದಪ್ಪ ಕಂದು ಕಾಗದದ ಮೇಲೆ 6.7 ಸೆಂ.ಮೀ. ತ್ರಿಜ್ಯದ ವೃತ್ತ ಬರೆಯಿರಿ. ಸುತ್ತಳತೆ ಸುಮಾರು 42 ಸೆಂ.ಮೀ. ಆಗುತ್ತದೆ. ಹಿಂಬದಿಗೆ 6 ಸೆಂ.ಮೀ. ತೆರವು ಬಿಟ್ಟರೆ ಉಳಿಯುವ 36 ಸೆಂ.ಮೀ. ಒಳ ಅಂಚು ಮಧ್ಯಮ ಕೊರಳಿಗೆ ಸಾಕು. ಅದೇ ಕೇಂದ್ರದಿಂದ ಒಂದೊಂದು ಸೆಂ.ಮೀ. ಹೆಚ್ಚಿಸುತ್ತ ಇನ್ನೂ ಆರು ಗೆರೆ ಎಳೆದು ಕತ್ತರಿಸಿ. ಮೇಜಿನ ಮೇಲೆ ಚಪ್ಪಟೆ ಇರುವ ಈ ಕಾಗದದಲ್ಲಿ ಪ್ರತಿ ಗೆರೆ ಹಿಂದಿನದಕ್ಕಿಂತ ಸುಮಾರು 5.4 ಸೆಂ.ಮೀ. ಉದ್ದ. ಆದರೆ ಹೆಗಲು ಮೇಜಲ್ಲ, ಇಳಿಜಾರು. ಕಾಗದವನ್ನು ಕೊರಳಿಗೆ ಹಾಕಿ ಕನ್ನಡಿ ಎದುರು ನಿಂತರೆ ಹೆಗಲ ಮೇಲೆ ಹೊರ ಅಂಚು ಸಡಿಲವಾಗಿ ಉಬ್ಬುತ್ತದೆ. ಎರಡೂ ಹೆಗಲಿನ ನೇರಕ್ಕೆ ಹೊರಗಿನಿಂದ ಒಳಗೆ ಕತ್ತರಿ ಹಾಕಿ, ಉಬ್ಬು ಹೋಗುವವರೆಗೆ ಒಂದರ ಮೇಲೊಂದು ಸರಿಸಿ ಅಂಟಿಸಿ. ಆಮೇಲೆ ನೂಲು ಹಿಡಿದು ಪ್ರತಿ ಸಾಲಿನ ಮೇಲಿನ ಗೆರೆಯನ್ನು ಅಳೆಯಿರಿ. ಸಾಧಾರಣ ಹೆಗಲಿಗೆ ಸಾಲಿನಿಂದ ಸಾಲಿಗೆ ಹೆಚ್ಚಳ 4.5 ಸೆಂ.ಮೀ. ಹತ್ತಿರ ಬರುತ್ತದೆ. 2 ಮಿ.ಮೀ. ಕಂಬಕ್ಕೆ ಅದು 22 ಅಥವಾ 23. ನಿಮ್ಮ 10 ಎಲ್ಲಿ, ಈ 23 ಎಲ್ಲಿ ನೋಡಿ.

ಹಾಗಾಗಿ ಕಂಬಗಳ ಲೆಕ್ಕ ಹೀಗೆ: 180, 203, 226, 249, 272, 295. ಒಟ್ಟು 1425 ಕೊಳವೆ, ಅದರ ಎರಡು ಪಟ್ಟು ಶುಗರ್ ಬೀಡ್ಸ್. ತೂಕದಲ್ಲಿ ಕೊಳವೆ ಸುಮಾರು 55 ಗ್ರಾಂ, ಸಣ್ಣ ಮಣಿ 26 ಗ್ರಾಂ. ಒಡೆದದ್ದು, ಸೊಟ್ಟಗಿರುವುದು ಬಿಸಾಡಬೇಕಾಗುತ್ತದೆ, 75 ಮತ್ತು 40 ಗ್ರಾಂ ತನ್ನಿ. ಒಂದೇ ಸಲ ತನ್ನಿ, ಮುಂದಿನ ಸಲದ ಬಣ್ಣ ಕೂಡಿಬರುವುದಿಲ್ಲ. ಇನ್ನೊಂದು ಮಾತು, ಮಣಿಯ ಪೊಟ್ಟಣದ ಮೇಲಿನ 2 ಮಿ.ಮೀ.ಯನ್ನು ನಂಬಬೇಡಿ. ಹತ್ತು ಕಂಬ ಹೆಣೆದು ಸ್ಕೇಲ್ ಇಟ್ಟು ನೋಡಿ. 22 ಮಿ.ಮೀ. ಬಂದರೆ ಎಲ್ಲ ಅಂಕಿಗಳನ್ನೂ 1.1ರಿಂದ ಭಾಗಿಸಿ.

ನೂಲಿನ ವಿಷಯಕ್ಕೆ ಬಂದರೆ, ಹತ್ತಿ ನಮ್ಮ ಕರಾವಳಿಗೆ ಆಗುವುದಿಲ್ಲ. ಗಾಳದ ತಂಗೂಸಿ ದಾರ ಗಟ್ಟಿ ಅಂತ ಹಲವರು ಹಾಕುತ್ತಾರೆ, ಅದೂ ಬೇಡ. ರೀಲಿನ ಸುರುಳಿಯ ನೆನಪು ಅದಕ್ಕೆ ಹೋಗುವುದಿಲ್ಲ, ಪಟ್ಟಿ ಸೆಟೆದುಕೊಳ್ಳುತ್ತದೆ, ಗಂಟು ಜಾರುತ್ತದೆ. 0.2 ಮಿ.ಮೀ. ಹೆಣೆದ ಪಾಲಿಯೆಸ್ಟರ್ ನೂಲು ತಂದು ಜೇನುಮೇಣದ ಮೇಲೆ ಎರಡು ಸಲ ಎಳೆದುಕೊಳ್ಳಿ. 100 ಮೀಟರಿನ ಒಂದು ರೀಲ್ ಸಾಕು. ಸೂಜಿ 10ನೇ ನಂಬರಿನ ಮಣಿ ಸೂಜಿ. ಒಂದು ಸಲಕ್ಕೆ ಒಂದು ಮಾರಿಗಿಂತ ಉದ್ದ ನೂಲು ಬೇಡ, ಸಿಕ್ಕಾಗುತ್ತದೆ.

ಮೊದಲ ಸಾಲಿಗೆ ಎರಡು ಕಂಬದ ಆರೂ ಮಣಿ ಪೋಣಿಸಿ, ಸೂಜಿಯನ್ನು ಮೊದಲ ಕಂಬದೊಳಗೆ ಅದೇ ದಿಕ್ಕಿನಲ್ಲಿ ಇನ್ನೊಮ್ಮೆ ಹಾಯಿಸಿ ಎಳೆಯಿರಿ. ಎರಡೂ ಪಕ್ಕಪಕ್ಕ ನಿಲ್ಲುತ್ತವೆ. ಎರಡನೆಯದರೊಳಗೂ ಹಾಯಿಸಿ, ಮೂರನೆಯದನ್ನು ಪೋಣಿಸಿ, ಎರಡನೆಯದರೊಳಗೆ ಮತ್ತೆ ಹಾಯಿಸಿ, ಹೀಗೆ ಏಣಿಯ ಥರ 180ರ ತನಕ. ಪ್ರತಿ ಎರಡು ಕಂಬದ ನಡುವೆ ಅಂಚಿನಲ್ಲಿ ನೂಲಿನ ಒಂದು ಚಿಕ್ಕ ಕೊಂಡಿ ಕಾಣುತ್ತದೆ. ಎರಡನೆಯ ಸಾಲು ನೇತಾಡುವುದು ಈ ಕೊಂಡಿಗಳಿಂದ: ಹೊಸ ಕಂಬ ಪೋಣಿಸಿ, ಕೊಂಡಿಯ ಅಡಿಯಿಂದ ಸೂಜಿ ದಾಟಿಸಿ, ಅದೇ ಕಂಬದೊಳಗಿಂದ ಹೊರ ಅಂಚಿಗೆ ಮರಳಿ ತನ್ನಿ. ಸಾಲಿನ ಮೊದಲ ಕೊಂಡಿಗೆ ಯಾವಾಗಲೂ ಎರಡು ಕಂಬ, ಇಲ್ಲದಿದ್ದರೆ ತುದಿ ಒಳಗೆ ಸರಿಯುತ್ತ ಹೋಗುತ್ತದೆ. ಹೆಚ್ಚಿಸಬೇಕಾದಲ್ಲಿ ಒಂದೇ ಕೊಂಡಿಗೆ ಎರಡು ಕಂಬ ತೂಗಿಸಿ. ಎರಡನೆಯ ಸಾಲಿನಲ್ಲಿ ಪ್ರತಿ 8ನೆಯ ಕೊಂಡಿಗೆ, ಮೂರನೆಯದರಲ್ಲಿ 9ನೆಯದಕ್ಕೆ, ಮುಂದೆ 10, 11, 12. ಒಂದೆರಡು ಆಚೆ ಈಚೆ ಆದರೆ ಏನೂ ಆಗದು. ಆದರೆ ಹೆಚ್ಚಿಸಿದ ಜಾಗಗಳು ಒಂದರ ಕೆಳಗೊಂದು ಬರದ ಹಾಗೆ ಪ್ರತಿ ಸಾಲಿನಲ್ಲೂ ಮೊದಲ ಹೆಚ್ಚಳವನ್ನು ಮೂರು ನಾಲ್ಕು ಕಂಬ ಆಚೆ ತಳ್ಳಿ. ಒಂದೇ ನೇರಕ್ಕೆ ಬಂದರೆ ಪಟ್ಟಿಯ ಅಂಚು ದುಂಡಗಾಗದೆ ಮೂಲೆ ಮೂಲೆಯಾಗುತ್ತದೆ.

ನೂಲನ್ನು ಬಿಗಿಯಾಗಿ ಎಳೆಯಬೇಡಿ. ಹೆಣೆದ ತುಂಡನ್ನು ಬೆರಳಿನ ಮೇಲೆ ಹಾಕಿದರೆ ಅದು ತನ್ನಷ್ಟಕ್ಕೆ ಬಾಗಿ ಇಳಿಯಬೇಕು. ಪ್ರತಿ ಸಾಲು ಮುಗಿದಾಗ ಕಾಗದದ ಮಾದರಿಯ ಮೇಲೆ ಇಟ್ಟು, ಆಮೇಲೆ ಹೆಗಲ ಮೇಲೂ ಇಟ್ಟು ನೋಡಿ. ಹೊರ ಅಂಚು ಮೇಲೆದ್ದರೆ ಹೆಚ್ಚಳ ಸಾಲದು, ಅಲೆಅಲೆಯಾದರೆ ಅತಿಯಾಯಿತು. ಎರಡಕ್ಕೂ ಪರಿಹಾರ ಆ ಒಂದು ಸಾಲು ಬಿಚ್ಚುವುದು. ಮುಂದಿನ ಸಾಲಿನಲ್ಲಿ ಸರಿಪಡಿಸುತ್ತೇನೆಂದು ಬಿಟ್ಟರೆ ಎರಡು ಸಾಲು ಬಿಚ್ಚಬೇಕಾಗುತ್ತದೆ. ನೂಲು ಮುಗಿದಾಗ ಗಂಟು ಹಾಕದೆ ಐದಾರು ಕಂಬಗಳೊಳಗೆ ಹಿಂದೆ ಮುಂದೆ ಹಾಯಿಸಿ ಕತ್ತರಿಸಿ. ಕೊಳವೆಯೊಳಗೆ ಗಂಟು ಸಿಕ್ಕಿಕೊಂಡರೆ ಮುಂದಿನ ಸಲ ಸೂಜಿ ಹೋಗದು, ಬಲವಂತ ಮಾಡಿದರೆ ಕೊಳವೆ ಸೀಳುತ್ತದೆ. ಕೊನೆಗೆ ಆರನೆಯ ಸಾಲಿನ ಐದು ಕಂಬಕ್ಕೊಂದರಂತೆ 59 ಹನಿಮಣಿ; ಬೆಸಸಂಖ್ಯೆಯಾದ್ದರಿಂದ ಒಂದು ಸರಿಯಾಗಿ ನಡುವಿಗೆ ಬರುತ್ತದೆ. ಹನಿಯ ಆಕಾರವನ್ನು ಸಾಮಾನ್ಯವಾಗಿ ಬಿಡಬಾರದು, ಈ ಪಟ್ಟಿಗೂ ಹೂಮಾಲೆಗೂ ಹತ್ತಿರದ ಸಂಬಂಧ ಇದೆ. ಈಜಿಪ್ಟಿನ ರಾಜ ಟುಟಾಂಖಾಮನ್‌ನ ಶವಸಂಸ್ಕಾರದ ಸಾಮಾನಿನ ಜೊತೆ ಸಿಕ್ಕಿದ ಪಟ್ಟಿಗಳಲ್ಲಿ ನಿಜವಾದ ಆಲಿವ್ ಎಲೆ, ಹೂವು, ನೀಲಿ ಮಣಿಗಳನ್ನು ಪಪೈರಸ್ ಹಾಳೆಯ ಮೇಲೆ ಹೊಲಿದಿದ್ದಾರೆ.

ತುದಿಯ ಬಿಲ್ಲೆಗೆ ನಮ್ಮ ತೆಂಗಿನ ಗೆರಟೆಗಿಂತ ಒಳ್ಳೆಯದು ಇಲ್ಲ. ಹಗುರ, ನೀರಿಗೆ ಜಗ್ಗದು, ಮುಖ್ಯವಾಗಿ ಅದರ ಬಾಗು ಬೆನ್ನ ಮೇಲ್ಭಾಗಕ್ಕೆ ಹೊಂದುತ್ತದೆ. ಬಲಿತ ಕಾಯಿಯ ಗೆರಟೆಯಲ್ಲಿ 6 ಸೆಂ.ಮೀ. ನೇರ ಅಂಚು, 3 ಸೆಂ.ಮೀ. ಅಗಲದ ಅರ್ಧಚಂದ್ರ ಎರಡು ಬರೆದು ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ಯಿರಿ. ನೇರ ಅಂಚಿನಿಂದ 4 ಮಿ.ಮೀ. ಒಳಗೆ, 1 ಸೆಂ.ಮೀ.ಗೆ ಒಂದರಂತೆ 1 ಮಿ.ಮೀ. ತೂತು ಆರು, ದುಂಡು ಬದಿಯ ನಡುವೆ ದಾರಕ್ಕೆ 2 ಮಿ.ಮೀ. ತೂತು ಒಂದು. ಅಂಚಿಗೆ ತೀರಾ ಹತ್ತಿರ ಕೊರೆದರೆ ಗೆರಟೆ ನಾರಿನ ಉದ್ದಕ್ಕೆ ಸೀಳುತ್ತದೆ. ಸ್ಯಾಂಡ್ ಪೇಪರ್ 120, 240, 400 ಈ ಕ್ರಮದಲ್ಲಿ ಉಜ್ಜಿ, ತೂತಿನ ಬಾಯನ್ನೂ ಬಿಡದೆ. ಎಣ್ಣೆ ಹಚ್ಚಬೇಡಿ, ನೂಲಿಗೆ ಇಳಿಯುತ್ತದೆ; ತೆಳು ವಾರ್ನಿಷ್ ಸಾಕು. ಚಿನ್ನದ ಬಣ್ಣವೇ ಬೇಕೆಂದರೆ ಯಕ್ಷಗಾನದ ಆಭರಣಕ್ಕೆ ಅಂಟಿಸುವ ಬೇಗಡೆ ಅಂಟಿಸಬಹುದು, ವೇದಿಕೆಗೆ ಅದು ಚೆನ್ನ. ಸೀರೆಯ ಮೇಲೆ ಹಾಕುವುದಕ್ಕೆ ಗೆರಟೆಯ ಕಡು ಕಂದು ನೀಲಿಯ ಪಕ್ಕದಲ್ಲಿ ತುಂಬ ಘನವಾಗಿ ಕಾಣುತ್ತದೆ.

ಜಾರುವುದಕ್ಕೆ ಪರಿಹಾರ ಎದುರು ತೂಕ. ಹನಿಮಣಿ ಸೇರಿ ಪಟ್ಟಿ ಹತ್ತಿರ ಹತ್ತಿರ 100 ಗ್ರಾಂ, ಅದರ ಹೆಚ್ಚಿನ ಪಾಲು ಹೆಗಲಿನಿಂದ ಮುಂದಕ್ಕೆ ಇರುತ್ತದೆ. ದಾರವನ್ನು ಬಿಗಿದು ಕಟ್ಟಿದರೆ ಜಾರುವುದು ನಿಲ್ಲುತ್ತದೆ, ಆದರೆ ಕೊರಳು ಒತ್ತುತ್ತದೆ, ಮೊದಲ ಸಾಲಿನ ನೂಲಿಗೆ ಎಲ್ಲ ಭಾರ ಬೀಳುತ್ತದೆ. ಬದಲಿಗೆ ಬಿಲ್ಲೆಗಳ ಎರಡೂ ದಾರ ಸೇರುವಲ್ಲಿಂದ 12 ಸೆಂ.ಮೀ. ಉದ್ದದ ಮೂರೆಳೆ ಮಣಿಸರ ಇಳಿಬಿಟ್ಟು ತುದಿಗೆ ದಪ್ಪ ಗಾಜಿನ ಮಣಿ ಸೇರಿಸಿ. 20 ಗ್ರಾಂನಿಂದ ಶುರು ಮಾಡಿ, ಬಗ್ಗಿ ಎದ್ದು ನೋಡಿ, ಐದೈದು ಗ್ರಾಂ ಹೆಚ್ಚಿಸಿ. 25ರಿಂದ 40ರೊಳಗೆ ನಿಲ್ಲುತ್ತದೆ. ಬಲೆಗೆ ಕಟ್ಟುವ ಸೀಸದ ಗುಂಡು ಸುಲಭವಾಗಿ ಸಿಗುತ್ತದೆ ಅಂತ ಅದನ್ನು ಹಾಕಬೇಡಿ, ಸೀಸ ಮೈಗೆ ಒಳ್ಳೆಯದಲ್ಲ.

ಬಣ್ಣದಲ್ಲಿ ಮೂರು ಸಾಕು: ಹಸಿರು ಬೆರೆತ ನೀಲಿ ಹೆಚ್ಚು, ಕಡು ನೀಲಿ ಎರಡು ಸಾಲು, ಇಟ್ಟಿಗೆ ಕೆಂಪು ಒಂದು ಸಾಲು. ಮೂಲದಲ್ಲಿ ಇವು ಸಿನಾಯ್‌ನ ಟರ್ಕಾಯ್ಸ್ ಕಲ್ಲು, ಅಫ್ಘಾನಿಸ್ತಾನದ ಬದಖ್ಶಾನ್‌ನಿಂದ ಬಂದ ಲಾಜವರ್ದ ಕಲ್ಲು, ಈಜಿಪ್ಟಿನ ಪೂರ್ವ ಮರುಭೂಮಿಯ ಕೆಂಪು ಅಕೀಕು. ಅಗ್ಗವಾಗಿ ಮಾಡಬೇಕಾದಲ್ಲಿ ಫೇಯನ್ಸ್, ಅಂದರೆ ಬೆಣಚುಕಲ್ಲಿನ ಪುಡಿಯನ್ನು ಸುಟ್ಟು, ತಾಮ್ರದಿಂದ ನೀಲಿ ಮೆರುಗು ಬರಿಸಿದ ಮಣಿ. ಗಾಜು ನಕಲಿ ಎಂಬ ಅಳುಕು ಬೇಡ. ಟುಟಾಂಖಾಮನ್‌ನ ಚಿನ್ನದ ಮುಖವಾಡದ ಶಿರವಸ್ತ್ರದಲ್ಲಿರುವ ನೀಲಿ ಪಟ್ಟೆಗಳೂ ಗಾಜೇ. ಪಾರದರ್ಶಕ ಮಣಿ ಮಾತ್ರ ಬೇಡ, ಫೇಯನ್ಸಿನ ತುಂಬು ಬಣ್ಣ ಅದರಲ್ಲಿ ಬರುವುದಿಲ್ಲ. ಚಿನ್ನದ ಲೇಪದ ಮಣಿಯನ್ನು ಕೊರಳಿಗೆ ತಾಗುವ ಮೊದಲೆರಡು ಸಾಲಿಗೆ ಹಾಕಬೇಡಿ, ಬೆವರಿಗೆ ಬೇಗ ಕಪ್ಪಾಗುತ್ತದೆ.

ಈಜಿಪ್ಟಿನವರು ಬಿಳಿ ನಾರುಬಟ್ಟೆಯ ಮೇಲೆ ತೊಟ್ಟದ್ದು ಇದನ್ನು. ಹಾಗಾಗಿ ಸೆಟ್ಟುಮುಂಡು ಅಥವಾ ತಿಳಿ ಬಣ್ಣದ ಕಾಸರಗೋಡು ಹತ್ತಿ ಸೀರೆ ಇದಕ್ಕೆ ಹೇಳಿ ಮಾಡಿಸಿದ ಜೋಡಿ. ಬ್ಲೌಸಿನ ಕೊರಳು ದುಂಡಗೆ, ಪಟ್ಟಿಯ ಒಳ ಅಂಚಿಗಿಂತ ಕೆಳಗೆ ಇರಲಿ. ಸೆರಗಿನ ನೆರಿಗೆಯನ್ನು ತೆಳ್ಳಗೆ ಪಿನ್ ಮಾಡಿ ಪಟ್ಟಿಯ ಅಡಿಗೆ ಸೇರಿಸಿ, ದಪ್ಪ ನೆರಿಗೆಯಾದರೆ ಒಂದು ಹೆಗಲು ಎತ್ತರವಾಗಿ ನಿಮ್ಮ ಲೆಕ್ಕವೆಲ್ಲ ಕೆಡುತ್ತದೆ. ತಲೆಗೂದಲು ತುರುಬು ಕಟ್ಟಿ. ಅದರ ಜೊತೆ ಸರ, ನೆಕ್ಲೇಸ್ ಯಾವುದೂ ಬೇಡ, ಕಿವಿಗೆ ಸಣ್ಣದೊಂದು ಸಾಕು.

ನಿಮ್ಮ ಹಳೆಯ ಪಟ್ಟಿಯ ಮಣಿಗಳನ್ನು ಬಿಸಾಡಬೇಡಿ. ಪೂರ್ತಿ ಬಿಚ್ಚಿ, ಸೋಪು ನೀರಲ್ಲಿ ರಾತ್ರಿಯಿಡೀ ನೆನೆಸಿ, ತೊಳೆದು ನೆರಳಲ್ಲಿ ಒಣಗಿಸಿದರೆ ಮೊದಲ ಮೂರು ಸಾಲಿಗೆ ಅವೇ ಆಗುತ್ತವೆ. ಹೊಸ ಪಟ್ಟಿಯನ್ನು ತೊಟ್ಟು ತೆಗೆದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ಎರಡು ಗಂಟೆ ಹರಡಿಡಿ. ಮೊಳೆಗೆ ನೇತುಹಾಕಬೇಡಿ, ತೂಕಕ್ಕೆ ನೂಲು ಹಿಗ್ಗಿ ಸಾಲುಗಳು ಬಾಯಿ ಬಿಡುತ್ತವೆ. ಮಳೆಗಾಲದಲ್ಲಿ, ಅಂದರೆ ಮಿಥುನದಿಂದ ಸಿಂಹ ಮಾಸದ ತನಕ, ಬಿಸ್ಕತ್ತಿನ ಅಗಲ ಟಿನ್ನಿನಲ್ಲಿ, ಅಡಿಗೆ ಕಾಗದ ಹಾಕಿ, ಸಿಲಿಕಾ ಜೆಲ್ ಪೊಟ್ಟಣ ನಾಲ್ಕರ ಜೊತೆ ಚಪ್ಪಟೆಯಾಗಿ ಇಡಿ; ತಿಂಗಳಿಗೊಮ್ಮೆ ಪೊಟ್ಟಣ ಬದಲಿಸಿ.